ಮುಂದಿನ ಬೋರ್ಡು ಬರುವವರೆಗೆ ಕಾಯಬೇಕೇ?

"ಸಾರ್, ಈಗಲೇ ತಗೊಳ್ಳೋದಾ, ಇಲ್ಲ ಹೊಸದು ಬರೋವರೆಗೂ ತಡೆಯೋದಾ?" ರಾಸ್ಪ್‌ಬೆರಿ ಪೈ ತರಹದ ಪುಟ್ಟ ಕಂಪ್ಯೂಟರುಗಳಿಗೆ ಹೊಸದಾಗಿ ಕೈ ಹಾಕುವವರು ಮೇಷ್ಟ್ರ ಮುಂದೆ ಇಡುವ ಮೊದಲ ಪ್ರಶ್ನೆ ಇದೇ. ಹಾಸನದ ಎಂಜಿನಿಯರಿಂಗ್ ಹುಡುಗರು ಕೇಳುವುದೂ ಇದನ್ನೇ, ಅರಕಲಗೂಡಿನ ಕಡೆ ತಂಬಾಕು ಬೆಳೆಯುವ ಮನೆಯಲ್ಲಿ ಡಿಪ್ಲೊಮಾ ಓದಿದ ಮಗ ಕೇಳುವುದೂ ಇದನ್ನೇ. ಕಾಯಬೇಡಿ ಅನ್ನುವುದು ನನ್ನ ಉತ್ತರ. ಆದರೆ ಬರೀ ಉತ್ತರ ಕೊಟ್ಟು ಕಳಿಸಿದರೆ ಪ್ರಯೋಜನವಿಲ್ಲ. ಮುಂದಿನ ಬೋರ್ಡಿನಿಂದ ಜಗತ್ತಿನ ಹವ್ಯಾಸಿಗಳು ಏನು ಬಯಸುತ್ತಿದ್ದಾರೆ, ಆ ಬಯಕೆಗಳಲ್ಲಿ ನಮ್ಮ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಮನೆ, ತೋಟಗಳಿಗೆ ನಿಜವಾಗಿ ಬೇಕಾದದ್ದು ಯಾವುದು ಎಂದು ಬಿಡಿಸಿ ನೋಡಬೇಕು. ಅದಕ್ಕೂ ಮುಂಚೆ ಈ ವಸ್ತು ಏನು ಅಂತ ತಿಳಿಯಬೇಕು. ಗೊತ್ತಿರುವವರು ಮುಂದಿನ ಎರಡು ಪ್ಯಾರಾ ದಾಟಿಕೊಂಡು ಹೋಗಬಹುದು.

ಸಿಂಗಲ್ ಬೋರ್ಡ್ ಕಂಪ್ಯೂಟರ್ ಎಂದರೆ ಪ್ರೊಸೆಸರು, ಮೆಮೊರಿ, ಯುಎಸ್‌ಬಿ ಕಿಂಡಿಗಳು, ಟಿವಿಗೆ ಜೋಡಿಸುವ ಎಚ್‌ಡಿಎಂಐ, ನೆಟ್‌ವರ್ಕು ಎಲ್ಲವೂ ಒಂದೇ ಹಲಗೆಯ ಮೇಲಿರುವ ಕಂಪ್ಯೂಟರು. ಪೈ ಬೋರ್ಡಿನ ಅಳತೆ ಸುಮಾರು 85 ಮಿಲಿಮೀಟರ್ ಉದ್ದ, 56 ಮಿಲಿಮೀಟರ್ ಅಗಲ; ಅಂಗಿ ಜೇಬಿಗೆ ಹಿಡಿಸುತ್ತದೆ. ಪರದೆ, ಕೀಲಿಮಣೆ ನಾವೇ ಹೊಂದಿಸಿಕೊಳ್ಳಬೇಕು. ಡಿಸ್ಕ್ ಬದಲಿಗೆ ಮೈಕ್ರೊ ಎಸ್‌ಡಿ ಕಾರ್ಡು. ಅದರಲ್ಲಿ ಲಿನಕ್ಸ್ ತುಂಬಿ ಸಿಕ್ಕಿಸಿದರೆ ಮಾಮೂಲಿ ಕಂಪ್ಯೂಟರಿನಂತೆ ಓಡುತ್ತದೆ. ಅಷ್ಟೇ ಆಗಿದ್ದರೆ ಹಳೆಯ ಲ್ಯಾಪ್‌ಟಾಪು ಸಾಕಿತ್ತು. ಇದರ ವಿಶೇಷ ಇರುವುದು ಹಲಗೆಯ ಅಂಚಿನಲ್ಲಿ ಎರಡು ಸಾಲಾಗಿ ನಿಂತ 40 ಪಿನ್ನುಗಳಲ್ಲಿ. ಆ ಪಿನ್ನುಗಳಿಗೆ ತಂತಿ ಎಳೆದು ದೀಪ ಹೊತ್ತಿಸಬಹುದು, ಉಷ್ಣಾಂಶ ಓದಬಹುದು, ರಿಲೇ ಎಳೆಸಬಹುದು. ಪ್ರೋಗ್ರಾಮು ಬರೆದವನ ಮಾತು ಪರದೆಯಿಂದ ಇಳಿದು ತೋಟದ ತನಕ ಹೋಗುವುದು ಈ ಪಿನ್ನುಗಳ ಮೂಲಕ.

ಇನ್ನೊಂದು ಬಗೆಯ ಬೋರ್ಡೂ ಇದೆ, ಹೊಸಬರು ಎರಡನ್ನೂ ಒಂದೇ ಎಂದುಕೊಳ್ಳುತ್ತಾರೆ. ಆರ್ಡುಯಿನೊ, ಇಎಸ್‌ಪಿ32, ಪೈ ಪಿಕೊ ಇವೆಲ್ಲ ಮೈಕ್ರೊಕಂಟ್ರೋಲರ್ ಬೋರ್ಡುಗಳು. ಇವುಗಳಲ್ಲಿ ಲಿನಕ್ಸ್ ಇಲ್ಲ, ಪರದೆಯಿಲ್ಲ. ಒಂದು ಪ್ರೋಗ್ರಾಮು ತುಂಬಿದರೆ ಗಾಣದ ಎತ್ತಿನಂತೆ ಅದೊಂದನ್ನೇ ಸುತ್ತುತ್ತಿರುತ್ತವೆ. ಕರೆಂಟು ಹೋಗಿ ಬಂದರೆ ಕ್ಷಣದೊಳಗೆ ಮತ್ತೆ ಅದೇ ಸುತ್ತು ಶುರು. ಪೈ ಬೋರ್ಡು ಹಾಗಲ್ಲ, ಏಳುವುದಕ್ಕೆ ಅರ್ಧ ನಿಮಿಷವೋ ಮೇಲೋ ಬೇಕು. ಆದರೆ ಎದ್ದ ಮೇಲೆ ಹತ್ತು ಕೆಲಸ ಒಟ್ಟಿಗೆ ಮಾಡುತ್ತದೆ: ಲೆಕ್ಕ ಬರೆದಿಡುತ್ತದೆ, ಗ್ರಾಫು ತೆಗೆಯುತ್ತದೆ, ಕ್ಯಾಮೆರಾ ನೋಡುತ್ತದೆ, ಮೊಬೈಲಿಗೆ ಸಂದೇಶ ಕಳಿಸುತ್ತದೆ. ಈ ವ್ಯತ್ಯಾಸ ನೆನಪಿಟ್ಟುಕೊಳ್ಳಿ, ಮುಂದಿನ ಮಾತೆಲ್ಲ ಇದರ ಮೇಲೆ ನಿಂತಿದೆ.

ಪೈ ಹುಟ್ಟಿದ್ದು ಒಬ್ಬ ಮೇಷ್ಟ್ರ ಚಿಂತೆಯಿಂದ. ಕೇಂಬ್ರಿಜ್‌ನಲ್ಲಿ ಕಂಪ್ಯೂಟರ್ ವಿಜ್ಞಾನಕ್ಕೆ ಸೇರಲು ಬರುವ ಹುಡುಗರಲ್ಲಿ ಪ್ರೋಗ್ರಾಮು ಬರೆದು ಕೈ ಪಳಗಿದವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ ಎಂದು ಎಬೆನ್ ಅಪ್ಟನ್ ಮತ್ತವರ ಸಂಗಡಿಗರಿಗೆ ಕಂಡಿತು. 1981ರ ಬಿಬಿಸಿ ಮೈಕ್ರೊ ಕಂಪ್ಯೂಟರಿನ ಎದುರು ಕೂತು ಕಲಿತ ತಲೆಮಾರಿನ ಜಾಗದಲ್ಲಿ ಆಟದ ಪೆಟ್ಟಿಗೆಗಳ ತಲೆಮಾರು ಬಂದಿತ್ತು. ಕೆಟ್ಟರೂ ಅಪ್ಪ ಬೈಯದಷ್ಟು ಅಗ್ಗದ ಕಂಪ್ಯೂಟರು ಮಕ್ಕಳ ಕೈಗೆ ಸಿಗಲಿ ಎಂದು 35 ಡಾಲರಿನ ಬೋರ್ಡು ಮಾಡಿದರು. 2012ರ ಫೆಬ್ರುವರಿ 29ರಂದು ಮಾರಾಟಕ್ಕೆ ಬಂತು. 700 ಮೆಗಾಹರ್ಟ್ಸ್ ವೇಗ, 256 ಎಂಬಿ ಮೆಮೊರಿ. ಇವತ್ತಿನ ಕಣ್ಣಿಗೆ ಬಡಕಲು. ಆದರೂ ಜನ ಮುಗಿಬಿದ್ದ ರಭಸಕ್ಕೆ ಮಾರುವವರ ಜಾಲತಾಣಗಳೇ ಮೊದಲ ದಿನ ಕುಸಿದವು.

ಆಮೇಲಿನ ತಲೆಮಾರುಗಳನ್ನು ಬೇಗ ಹೇಳಿಬಿಡುತ್ತೇನೆ. 2015ರಲ್ಲಿ ಪೈ 2, ನಾಲ್ಕು ಕೋರ್, 1 ಜಿಬಿ. ಅದೇ ವರ್ಷದ ನವೆಂಬರಿನಲ್ಲಿ 5 ಡಾಲರಿನ ಪೈ ಜೀರೊ. ಅವರದೇ ಪತ್ರಿಕೆಯ ಮುಖಪುಟಕ್ಕೆ ಅಂಟಿಸಿ ಓದುಗರಿಗೆ ಬಿಟ್ಟಿಯಾಗಿ ಕೊಟ್ಟರು. 2016ರಲ್ಲಿ ಪೈ 3, ಬೋರ್ಡಿನಲ್ಲೇ ವೈಫೈ. 2019ರ ಜೂನಿನಲ್ಲಿ ಪೈ 4. 2021ರ ಜನವರಿಯಲ್ಲಿ 4 ಡಾಲರಿನ ಪಿಕೊ. 2023ರ ಸೆಪ್ಟೆಂಬರಿನಲ್ಲಿ ಪೈ 5ರ ಘೋಷಣೆ, 2.4 ಗಿಗಾಹರ್ಟ್ಸ್. ದೊಡ್ಡ ಬೋರ್ಡುಗಳ ನಡುವಿನ ಅಂತರ ನೋಡಿ: ಮೂರು ವರ್ಷ, ಒಂದು ವರ್ಷ, ಮೂರು ವರ್ಷಕ್ಕೂ ಮೇಲೆ, ನಾಲ್ಕು ವರ್ಷಕ್ಕೂ ಮೇಲೆ. ಅಂತರ ಹಿಗ್ಗುತ್ತಿದೆ. ಕಾಯುವವನು ಒಂದು ಡಿಪ್ಲೊಮಾ ಮುಗಿಸುವಷ್ಟು ಕಾಲ ಕಾಯಬೇಕಾದೀತು.

ಈಗ ಬಯಕೆಗಳ ಪಟ್ಟಿಗೆ ಬರೋಣ. ಹವ್ಯಾಸಿಗಳು ಸೇರಿದಲ್ಲೆಲ್ಲ ಕೇಳಿಬರುವ ಬೇಡಿಕೆಗಳು ಹೆಚ್ಚುಕಡಿಮೆ ಒಂದೇ. ಇನ್ನೂ ವೇಗದ ಪ್ರೊಸೆಸರು, ಹೆಚ್ಚು ಮೆಮೊರಿ. ಎಸ್‌ಡಿ ಕಾರ್ಡಿನ ಕಾಟ ತಪ್ಪಿಸಲು ಬೋರ್ಡಿನ ಮೇಲೇ ಎಸ್‌ಎಸ್‌ಡಿ ಕೂರಿಸುವ ಜಾಗ. ಪುಟಾಣಿ ಎಚ್‌ಡಿಎಂಐ ಹೋಗಿ ದೊಡ್ಡ ಕಿಂಡಿ ಬರಲಿ ಎನ್ನುವವರು, ಪೈ 5ರಲ್ಲಿ ತೆಗೆದುಹಾಕಿದ ಆಡಿಯೊ ಜಾಕು ವಾಪಸು ಕೊಡಿ ಎನ್ನುವವರು. ವಿಡಿಯೊ ಮಾಡುವವರಿಗೆ ಹಳೆಯ ಬೋರ್ಡುಗಳಲ್ಲಿದ್ದ ಎಚ್.264 ಎನ್‌ಕೋಡರು ಪೈ 5ರಲ್ಲಿ ಇಲ್ಲದಿರುವ ಸಂಕಟ. ಎಐ ಲೆಕ್ಕ ಮಾಡುವ ಪ್ರತ್ಯೇಕ ಚಿಪ್ಪು ಒಳಗೇ ಇರಲಿ ಎಂದು ಇನ್ನು ಕೆಲವರು. ಯಾವ ಮೊಬೈಲ್ ಚಾರ್ಜರಿನಲ್ಲೂ ಓಡಲಿ, ಅನಲಾಗ್ ಸೆನ್ಸರು ನೇರವಾಗಿ ಓದಲಿ, ಬೆಲೆ ಮತ್ತೆ 35 ಡಾಲರಿಗೆ ಇಳಿಯಲಿ.

ಈ ಪಟ್ಟಿಯಲ್ಲಿ ಮೊದಲ ಸ್ಥಾನ ಯಾವಾಗಲೂ ವೇಗಕ್ಕೆ. ನನ್ನ ತಕರಾರು ಇರುವುದು ಅಲ್ಲೇ. ನಮ್ಮ ಕಡೆ ಈ ಬೋರ್ಡುಗಳು ಸೋಲುವುದು ನಿಧಾನದಿಂದಲ್ಲ. ಕರೆಂಟಿನಿಂದ, ಮಳೆಯಿಂದ, ಇರುವೆ ಹಲ್ಲಿಗಳಿಂದ, ಸಡಿಲ ತಂತಿಯಿಂದ. ಮುಂದಿನ ಬೋರ್ಡಿನಿಂದ ಹಾಸನ ಜಿಲ್ಲೆಯವನು ಏನಾದರೂ ಕೇಳುವುದಿದ್ದರೆ ಮೊದಲು ತಾಳಿಕೆ ಕೇಳಬೇಕು.

ಕರೆಂಟಿನ ವಿಚಾರವನ್ನೇ ವಿವರವಾಗಿ ನೋಡೋಣ. ಮುಂಗಾರು ಗಾಳಿಗೆ ಕೊಂಬೆ ಬಿದ್ದು ಲೈನು ಹೋಗುವುದು ಮಲೆನಾಡಿನ ಸೆರಗಿನ ಊರುಗಳಿಗೆ ಹೊಸದಲ್ಲ. ಬೋರ್ಡು ಆ ಹೊತ್ತಿಗೆ ಎಸ್‌ಡಿ ಕಾರ್ಡಿಗೆ ಏನನ್ನೋ ಬರೆಯುತ್ತಿದ್ದರೆ ಬರಹ ಅರ್ಧಕ್ಕೆ ನಿಲ್ಲುತ್ತದೆ. ಕಡತಗಳ ಪಟ್ಟಿ ಕೆಡುತ್ತದೆ. ಕರೆಂಟು ಬಂದ ಮೇಲೆ ಕೆಂಪು ದೀಪ ಹೊತ್ತುತ್ತದೆ, ಹಸಿರು ದೀಪ ಮಿನುಗುವುದಿಲ್ಲ. ಹೊಸಬರು ಬೋರ್ಡೇ ಸುಟ್ಟಿತು ಅಂದುಕೊಳ್ಳುತ್ತಾರೆ. ಬೋರ್ಡಿಗೆ ಏನೂ ಆಗಿರುವುದಿಲ್ಲ, ಕಾರ್ಡಿಗೆ ಮತ್ತೆ ಲಿನಕ್ಸ್ ತುಂಬಿದರೆ ಎದ್ದು ಕೂರುತ್ತದೆ. ಹೋಗುವುದು ಅಲ್ಲಿಯವರೆಗೆ ಬರೆದಿಟ್ಟ ಲೆಕ್ಕ.

ಇದಕ್ಕೆ ಇವತ್ತೇ ಪರಿಹಾರಗಳಿವೆ. ಪೈ ಬೋರ್ಡಿನ ಸೆಟ್ಟಿಂಗ್‌ಗಳಲ್ಲಿ ಓವರ್‌ಲೇ ಫೈಲ್ ಸಿಸ್ಟಮ್ ಎಂಬ ಆಯ್ಕೆ ಇದೆ. ಅದನ್ನು ಚಾಲೂ ಮಾಡಿದರೆ ಕಾರ್ಡನ್ನು ಬರೀ ಓದಲು ಬಳಸಿ, ಬರೆಯುವುದನ್ನೆಲ್ಲ ತಾತ್ಕಾಲಿಕವಾಗಿ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಕರೆಂಟು ಎಷ್ಟು ಸಲ ಹೋದರೂ ಕಾರ್ಡು ಕೆಡುವ ಭಯ ಬಹಳ ಕಡಿಮೆ. ಉಳಿಸಬೇಕಾದ ಲೆಕ್ಕವನ್ನು ಬೇರೆ ಪೆನ್‌ಡ್ರೈವಿಗೋ ನೆಟ್‌ವರ್ಕಿನಾಚೆಗೋ ಕಳಿಸಬೇಕು. ಎರಡನೆಯ ದಾರಿ ಮನೆಯ ಇನ್ವರ್ಟರು. ಪೈ 5 ಸುಮ್ಮನಿರುವಾಗ ತಿನ್ನುವುದು ಸುಮಾರು 3 ವಾಟ್, ದಿನಕ್ಕೆ 72 ವಾಟ್-ಗಂಟೆ. 12 ವೋಲ್ಟಿನ 150 ಆಂಪಿಯರ್-ಗಂಟೆ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1,800 ವಾಟ್-ಗಂಟೆ ಇರುತ್ತದೆ. ಫ್ಯಾನಿಗಿಂತ ಬೋರ್ಡಿನ ಖರ್ಚು ಎಷ್ಟೋ ಕಡಿಮೆ. ಪವರ್ ಬ್ಯಾಂಕನ್ನೇ ಯುಪಿಎಸ್ ಮಾಡಿಕೊಳ್ಳುವವರಿಗೆ ಒಂದು ಎಚ್ಚರಿಕೆ: ಹಲವು ಪವರ್ ಬ್ಯಾಂಕುಗಳು ಚಾರ್ಜಿಂಗ್ ಶುರುವಾಗುವಾಗ, ನಿಲ್ಲುವಾಗ ಹೊರಗಿನ ವಿದ್ಯುತ್ತನ್ನು ಕ್ಷಣಕಾಲ ಕತ್ತರಿಸುತ್ತವೆ. ಕೊಳ್ಳುವ ಮುಂಚೆ ಪರೀಕ್ಷಿಸಿ.

ಕರೆಂಟು ಹೋಗುವುದರ ಇನ್ನೊಂದು ಪೆಟ್ಟು ಗಡಿಯಾರಕ್ಕೆ. ಪೈ 4ರ ತನಕ ಬೋರ್ಡಿನಲ್ಲಿ ಸ್ವಂತ ಗಡಿಯಾರವೇ ಇರಲಿಲ್ಲ, ಎದ್ದಾಗಲೆಲ್ಲ ಇಂಟರ್‌ನೆಟ್ಟಿನಿಂದ ಸಮಯ ಕೇಳಿಕೊಳ್ಳುತ್ತಿತ್ತು. ಕರೆಂಟಿನ ಜೊತೆ ನೆಟ್ಟೂ ಹೋಗಿದ್ದರೆ ಮಲಗುವ ಮುಂಚಿನ ಸಮಯವನ್ನೇ ಈಗಿನ ಸಮಯ ಎಂದು ನಂಬಿ ಮುಂದುವರಿಯುತ್ತಿತ್ತು. ಬೆಳಗಿನ ಜಾವದ ಉಷ್ಣಾಂಶದ ಮೇಲೆ ಹಿಂದಿನ ರಾತ್ರಿಯ ಮುದ್ರೆ ಬಿದ್ದರೆ ಆ ಲೆಕ್ಕದಿಂದ ಏನು ಉಪಯೋಗ? ಪೈ 5ರಲ್ಲಿ ಗಡಿಯಾರ ಕೊಟ್ಟಿದ್ದಾರೆ, ಅದಕ್ಕೊಂದು ಪುಟ್ಟ ಬ್ಯಾಟರಿ ಬೇರೆಯಾಗಿ ಕೊಂಡು ಸಿಕ್ಕಿಸಬೇಕು. ಆರಿಸುವ ಗುಂಡಿಯೂ ಮೊದಲ ಸಲ ಬಂತು. ಜಾಹೀರಾತಿನಲ್ಲಿ ವೇಗದ ಅಂಕಿಗಳು ದೊಡ್ಡದಾಗಿದ್ದವು. ನನ್ನ ಕೇಳಿದರೆ ಆ ಬೋರ್ಡಿನ ನಿಜವಾದ ಮುನ್ನಡೆ ಇವೆರಡು.

ಅದೇ ಪೈ 5 ಇನ್ನೊಂದು ಕಡೆ ಹಿಂದೆ ಸರಿಯಿತು. ಪೂರ್ಣ ಶಕ್ತಿಗೆ ಅದು 5 ವೋಲ್ಟಿನಲ್ಲಿ 5 ಆಂಪಿಯರ್ ಕೇಳುತ್ತದೆ. ಮಾಮೂಲಿ ಯುಎಸ್‌ಬಿ-ಸಿ ಚಾರ್ಜರುಗಳು 5 ವೋಲ್ಟಿನಲ್ಲಿ 3 ಆಂಪಿಯರ್ ದಾಟುವುದಿಲ್ಲ. ಹೆಚ್ಚು ಶಕ್ತಿ ಬೇಕಾದರೆ 9, 15, 20 ವೋಲ್ಟಿಗೆ ಏರುತ್ತವೆ. ಹಾಗಾಗಿ 65 ವಾಟಿನ ಲ್ಯಾಪ್‌ಟಾಪ್ ಚಾರ್ಜರು ಕೈಯಲ್ಲಿದ್ದರೂ ಪೈ 5 ಅದನ್ನು ಬಡ ಚಾರ್ಜರೆಂದೇ ಎಣಿಸುತ್ತದೆ, ಯುಎಸ್‌ಬಿ ಕಿಂಡಿಗಳಿಗೆಲ್ಲ ಸೇರಿ 600 ಮಿಲಿಆಂಪಿಯರ್ ಮಾತ್ರ ಬಿಡುತ್ತದೆ. ಕೀಲಿಮಣೆ, ಮೌಸಿಗೆ ಸಾಕು. ಹಾರ್ಡ್‌ಡಿಸ್ಕಿಗೆ ಸಾಲದು. ಅರಕಲಗೂಡಿನಲ್ಲಿ ಚಾರ್ಜರು ಸುಟ್ಟರೆ ಪಕ್ಕದ ಮೊಬೈಲ್ ಅಂಗಡಿಯಲ್ಲಿ ಸಿಗುವುದರಲ್ಲೇ ಕೆಲಸ ನಡೆಯಬೇಕು. ಅದಕ್ಕಾಗಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಬಸ್ಸು ಹತ್ತುವಂತಾಗಬಾರದು. ಮುಂದಿನ ಬೋರ್ಡು 9 ವೋಲ್ಟನ್ನೂ ಒಳಗೆ ಬಿಟ್ಟುಕೊಂಡು ತಾನೇ ಇಳಿಸಿಕೊಳ್ಳಲಿ ಎಂಬ ಬೇಡಿಕೆಗೆ ನನ್ನದೂ ಒಂದು ಸಹಿ.

ತೋಟದ ಮಾತು ಬಂದರೆ ಚನ್ನರಾಯಪಟ್ಟಣದ ತೆಂಗಿನ ತೋಟ ನೆನೆಯಿರಿ. ತ್ರೀ-ಫೇಸ್ ಬರುವುದು ದಿನಕ್ಕೆ ಕೆಲವೇ ಗಂಟೆ, ಅದೂ ಒಂದೊಂದು ಪಾಳಿಯಲ್ಲಿ ಒಂದೊಂದು ಹೊತ್ತು. ಮೋಟಾರು ಓಡಿತೇ, ಎಷ್ಟು ಹೊತ್ತು ಓಡಿತು ಎಂದು ಮನೆಯಲ್ಲಿ ಕೂತು ತಿಳಿಯುವ ಆಸೆ ಸಹಜ. ಮೊಬೈಲ್ ಸ್ಟಾರ್ಟರುಗಳು ಅಂಗಡಿಯಲ್ಲೇ ಸಿಗುತ್ತವೆ. ಮೋಟಾರು ಚಾಲೂ ಮಾಡುವ, ಆರಿಸುವ ಕೆಲಸ ಅವಕ್ಕೇ ಇರಲಿ. 415 ವೋಲ್ಟಿನ ಪೆಟ್ಟಿಗೆಯೊಳಗೆ ಕಲಿಯುವವರು ಕೈ ಹಾಕಲೇಬಾರದು. ಹವ್ಯಾಸಿ ಮಾಡಬಹುದಾದದ್ದು ಅಳತೆ. ಕ್ಲ್ಯಾಂಪಿನ ಹಾಗೆ ಬಾಯಿ ತೆರೆದು ಮುಚ್ಚುವ ಕರೆಂಟ್ ಸೆನ್ಸರು ಸಿಗುತ್ತದೆ, ಎಸ್‌ಸಿಟಿ-013 ಎಂದು ಹೆಸರು. ಮೋಟಾರಿಗೆ ಹೋಗುವ ಮೂರು ವೈರುಗಳಲ್ಲಿ ಒಂದರ ಸುತ್ತ, ಒಂದರ ಸುತ್ತ ಮಾತ್ರ, ಎಲೆಕ್ಟ್ರಿಷಿಯನ್ ಕೈಯಲ್ಲಿ ಅದನ್ನು ಹಾಕಿಸಿದರೆ ತಂತಿ ಕತ್ತರಿಸದೆ, ತಾಗಿಸದೆ ಕರೆಂಟು ಹರಿಯುತ್ತಿರುವುದು ಗೊತ್ತಾಗುತ್ತದೆ.

ಇಲ್ಲಿ ಪೈ ಬೋರ್ಡಿನ ಹಳೆಯ ಕೊರತೆ ಎದುರಾಗುತ್ತದೆ. ಆ ಸೆನ್ಸರು ಕೊಡುವುದು ಏರಿಳಿಯುವ ವೋಲ್ಟೇಜು, ಅಂದರೆ ಅನಲಾಗ್. ಪೈ ಪಿನ್ನುಗಳಿಗೆ ಇದೆ ಅಥವಾ ಇಲ್ಲ ಎಂಬ ಎರಡೇ ಮಾತು ಗೊತ್ತು. 2012ರ ಮೊದಲ ಬೋರ್ಡಿನಿಂದ ಪೈ 5ರ ತನಕ ಇದು ಬದಲಾಗಿಲ್ಲ. ನಡುವೆ ಎಡಿಸಿ ಎಂಬ ಇನ್ನೊಂದು ಚಿಪ್ಪು ಇಡಬೇಕು. 4 ಡಾಲರಿನ ಪಿಕೊ ಮಾತ್ರ ಮೂರು ಪಿನ್ನುಗಳಲ್ಲಿ ಅನಲಾಗ್ ಓದುತ್ತದೆ, 0ಯಿಂದ 4095ರವರೆಗಿನ ಸಂಖ್ಯೆಯಾಗಿ ಕೊಡುತ್ತದೆ. ಅಣ್ಣನಿಗೆ ಬಾರದ ಕೆಲಸ ಅದರ ಹತ್ತನೇ ಒಂದು ಪಾಲೂ ಬೆಲೆಯಿಲ್ಲದ ತಮ್ಮನಿಗೆ ಬರುತ್ತದೆ.

ಹೊಳೆನರಸೀಪುರದಂಥ ಊರಿನಲ್ಲಿ ಹೇಮಾವತಿ ಪಕ್ಕದಲ್ಲೇ ಹರಿದರೂ ಮನೆ ಮೇಲಿನ ಟ್ಯಾಂಕಿನಲ್ಲಿ ನೀರೆಷ್ಟಿದೆ ಎಂದು ಏಣಿ ಹತ್ತಿಯೇ ನೋಡಬೇಕು. ಕಲಿಯುವವರಿಗೆ ಇದು ಒಳ್ಳೆಯ ಮೊದಲ ಪಾಠ. ಎಚ್‌ಸಿ-ಎಸ್‌ಆರ್04 ಎಂಬ ಸೆನ್ಸರು ಕಿವಿಗೆ ಕೇಳದ ಸದ್ದು ಬಿಟ್ಟು ಅದರ ಪ್ರತಿಧ್ವನಿ ಬರುವ ಹೊತ್ತಿನಿಂದ ನೀರಿನ ಮಟ್ಟ ಹೇಳುತ್ತದೆ. ಅದು 5 ವೋಲ್ಟಿನಲ್ಲಿ ಮಾತಾಡುತ್ತದೆ, ಪೈ ಪಿನ್ನು 3.3 ವೋಲ್ಟಿಗಿಂತ ಹೆಚ್ಚು ತಡೆಯುವುದಿಲ್ಲ. ನೇರ ಜೋಡಿಸಿದರೆ ಪಿನ್ನು, ಕೆಲವೊಮ್ಮೆ ಇಡೀ ಬೋರ್ಡು ಹೋಗುತ್ತದೆ. 1 ಕಿಲೋಓಮ್, 2 ಕಿಲೋಓಮ್ ಎರಡು ರೆಸಿಸ್ಟರ್ ಸರಣಿಯಲ್ಲಿಟ್ಟು ನಡುವಿನಿಂದ ತಂತಿ ತೆಗೆದರೆ 5 ಇಳಿದು 3.3 ಆಗುತ್ತದೆ. ಪಿನ್ನುಗಳಿಗೆ 5 ವೋಲ್ಟ್ ತಡೆಯುವ ರಕ್ಷಣೆ ಬೋರ್ಡಿನೊಳಗೇ ಇರಲಿ ಎನ್ನುವುದು ಶಾಲೆಗಳಲ್ಲಿ ಪಾಠ ಮಾಡುವವರೆಲ್ಲರ ಹಳೆಯ ಆಸೆ. ಅಟಲ್ ಟಿಂಕರಿಂಗ್ ಲ್ಯಾಬು ಇರುವ ಶಾಲೆಗಳಲ್ಲಿ 6ನೇ ತರಗತಿಯ ಮಕ್ಕಳೂ ತಂತಿ ಜೋಡಿಸುತ್ತಾರೆ. 2025ರ ಕೇಂದ್ರ ಬಜೆಟ್ಟಿನಲ್ಲಿ ಐದು ವರ್ಷದೊಳಗೆ ಸರ್ಕಾರಿ ಶಾಲೆಗಳಿಗೆ ಇನ್ನೂ 50,000 ಲ್ಯಾಬು ಎಂದು ಘೋಷಿಸಿದ್ದಾರೆ. ಅಷ್ಟು ಮಕ್ಕಳ ಕೈಗೆ ಹೋಗುವ ಬೋರ್ಡು ತಪ್ಪು ಜೋಡಣೆಗೆ ಸಾಯಬಾರದು.

ಹಾಗಾದರೆ ವೇಗವೇ ಬೇಡವೇ? ಬೇಕಾಗುವ ಕಡೆ ಬೇಕು. ಆಲೂರು, ಸಕಲೇಶಪುರದ ಕಾಫಿ ತೋಟಕ್ಕೆ ರಾತ್ರಿ ನುಗ್ಗುವ ಆನೆಯನ್ನು ಕ್ಯಾಮೆರಾ ಕಣ್ಣಿನಿಂದ ಗುರುತಿಸಿ ಎಚ್ಚರಿಸಬೇಕಾದರೆ ಪಿಕೊ ಸಾಲದು. ಪೈ 5ಕ್ಕೆ ಎಐ ಚಿಪ್ಪಿನ ಮೇಲುಹಲಗೆಗಳು 2024ರಿಂದ ಸಿಗುತ್ತಿವೆ, ಆ ಶಕ್ತಿ ಅಲ್ಲಿ ಸಾರ್ಥಕ. ಆಲೂಗಡ್ಡೆ ಎಲೆಯ ಫೋಟೊ ನೋಡಿ ಅಂಗಮಾರಿ ಪತ್ತೆಹಚ್ಚುವ ಯೋಜನೆ ನಮ್ಮ ಕಾಲೇಜು ಹುಡುಗರಿಗೆ ಬಲು ಪ್ರಿಯ. ಎಲೆಯ ಮೇಲೆ ಮಚ್ಚೆ ಕಾಣುವ ಹೊತ್ತಿಗೆ ರೋಗ ಹೊಲದಲ್ಲಿ ಆಗಲೇ ಮನೆ ಮಾಡಿರುತ್ತದೆ ಎಂಬುದನ್ನು ಮಾತ್ರ ಅವರು ಮರೆಯುತ್ತಾರೆ. ಅಂಗಮಾರಿಗೆ ಬೇಕಾದದ್ದು ತಂಪು, ಎಲೆಯ ಮೇಲೆ ಆರದ ತೇವ, ದಿನಗಟ್ಟಲೆ ಬಿಡದ ಜಡಿಮಳೆ. ಅದನ್ನು ಮುಂಚೆಯೇ ಹೇಳಬಲ್ಲದ್ದು ಹೊಲದ ಬದುವಿನಲ್ಲಿ ಗಂಟೆಗಂಟೆಗೂ ತೇವಾಂಶ, ಉಷ್ಣಾಂಶ ಬರೆದಿಡುವ ಸೆನ್ಸರು. ಆ ಕೆಲಸಕ್ಕೆ ಇಎಸ್‌ಪಿ32 ಸಾಕು. ಗಾಢ ನಿದ್ರೆಯಲ್ಲಿ ಅದರ ಚಿಪ್ಪು ತಿನ್ನುವುದು ಮಿಲಿಆಂಪಿಯರಿನ ನೂರನೇ ಒಂದು ಭಾಗ. ಆಷಾಢದ ಮೋಡದಲ್ಲಿ ಸೋಲಾರ್ ಪ್ಯಾನೆಲು ಕೊಡುವ ಚೂರುಪಾರು ಬೆಳಕಿನಲ್ಲೇ ಬದುಕಿಕೊಳ್ಳುತ್ತದೆ. ಅದೇ ಜಾಗದಲ್ಲಿ ದಿನಕ್ಕೆ 72 ವಾಟ್-ಗಂಟೆ ಬೇಡುವ ಪೈ 5 ಎರಡು ಮೂರು ದಿನದ ಮೋಡಕ್ಕೇ ಮಲಗುತ್ತದೆ.

ತಾಳಿಕೆ ದೊಡ್ಡದು ಎನ್ನುವುದಕ್ಕೆ ಹಾಸನದವರು ದೂರ ಹೋಗಬೇಕಿಲ್ಲ. ಸಾಲಗಾಮೆ ರಸ್ತೆಯಲ್ಲಿ 1982ರಿಂದ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಇದೆ, ದೇಶದ ಭೂಸ್ಥಿರ ಉಪಗ್ರಹಗಳನ್ನು ಅಲ್ಲಿಂದ ನೋಡಿಕೊಳ್ಳುತ್ತಾರೆ. 36,000 ಕಿಲೋಮೀಟರ್ ಎತ್ತರಕ್ಕೆ ಹೋದ ಯಂತ್ರದ ಕಾರ್ಡು ಬದಲಿಸಲು ಯಾರೂ ಹೋಗಲಾರರು. ಇಸ್ರೋದ ರಾಕೆಟ್ಟುಗಳಲ್ಲಿ 2009ರಿಂದ ಕೆಲಸ ಮಾಡಿದ್ದು ವಿಕ್ರಮ್ 1601 ಎಂಬ 16 ಬಿಟ್ಟಿನ ಪ್ರೊಸೆಸರು. ಅದರ 32 ಬಿಟ್ಟಿನ ಉತ್ತರಾಧಿಕಾರಿ ವಿಕ್ರಮ್ 3201 ಬೆಳಕಿಗೆ ಬಂದದ್ದು 2025ರಲ್ಲಿ. ನಮ್ಮ ಹುಡುಗರ ಜೇಬಿನ ಫೋನಿನ ಮುಂದೆ ಅಂಕಿಯಲ್ಲಿ ಅವು ಏನೂ ಅಲ್ಲ. ಆದರೆ ಆ ಫೋನನ್ನು ನಂಬಿ ಯಾರೂ ರಾಕೆಟ್ ಹಾರಿಸುವುದಿಲ್ಲ.

ಬೆಲೆಯ ವಿಚಾರದಲ್ಲಿ ಆಸೆ ಇಟ್ಟುಕೊಳ್ಳಬೇಡಿ. 35 ಡಾಲರ್ ಎಂಬುದು ಬಹುಕಾಲ ಪೈ ಕಂಪನಿಯ ಪ್ರತಿಜ್ಞೆಯಂತಿತ್ತು. 2021ರ ಅಕ್ಟೋಬರಿನಲ್ಲಿ ಚಿಪ್ಪುಗಳ ಬರ ಬಂದಾಗ 2 ಜಿಬಿ ಪೈ 4ರ ಬೆಲೆ 45 ಡಾಲರಿಗೆ ಏರಿತು. ಆ ಬರದಲ್ಲಿ ಅಂಗಡಿಗಳಲ್ಲಿ ಬೋರ್ಡು ಸಿಗುವುದೇ ದುರ್ಲಭವಾಗಿತ್ತು. ಪೈ 5 ಶುರುವಾದದ್ದೇ 4 ಜಿಬಿಗೆ 60 ಡಾಲರಿನಿಂದ. ಈಗ ಎಐ ಡೇಟಾ ಸೆಂಟರುಗಳು ಜಗತ್ತಿನ ಮೆಮೊರಿ ಚಿಪ್ಪುಗಳನ್ನು ಗುಡಿಸಿಕೊಂಡು ಹೋಗುತ್ತಿರುವುದರಿಂದ 2025ರ ಡಿಸೆಂಬರಿನಲ್ಲಿ ಅದು 70 ಆಯಿತು, 16 ಜಿಬಿಯದು 120ರಿಂದ 145ಕ್ಕೆ ಹೋಯಿತು. ಜೊತೆಗೆ 1 ಜಿಬಿಯ ಪೈ 5 ಒಂದನ್ನು 45 ಡಾಲರಿಗೆ ಬಿಟ್ಟರು. ಇದರ ಮೇಲೆ ಆಮದು, ಜಿಎಸ್‌ಟಿ, ಅಂಗಡಿಯ ಲಾಭ ಸೇರಿ ನಮ್ಮ ಕೈ ಸೇರುವ ಬೆಲೆ. ಹೆಚ್ಚು ಮೆಮೊರಿ ಕೊಡಿ, ಅಗ್ಗವಾಗಿ ಕೊಡಿ ಎಂದು ಒಂದೇ ಉಸಿರಿನಲ್ಲಿ ಕೇಳುವವರು ಈ ಅಂಕಿಗಳನ್ನು ನೋಡಬೇಕು. ಟ್ಯಾಂಕಿನ ನೀರು ಅಳೆಯಲು 1 ಜಿಬಿಯೇ ಹೆಚ್ಚು.

ನಿರೀಕ್ಷೆಯ ಮಾತಾಡುವಾಗ ನಮ್ಮದೇ ರಾಜ್ಯದ ಸಿಂಪ್ಯೂಟರನ್ನು ಮರೆಯಬಾರದು. ಪೈ ಬರುವುದಕ್ಕೆ ಹತ್ತು ವರ್ಷಕ್ಕೂ ಮುಂಚೆ ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಇವರು ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯವರ ಜೊತೆ ಸೇರಿ ಜನಸಾಮಾನ್ಯರ ಅಂಗೈ ಕಂಪ್ಯೂಟರು ಮಾಡಲು ಹೊರಟರು. 206 ಮೆಗಾಹರ್ಟ್ಸ್ ಪ್ರೊಸೆಸರು, ಲಿನಕ್ಸ್. ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವೂ ಇದಕ್ಕಾಗಿ ತಯಾರಾಯಿತು. 2001ರಲ್ಲಿ ಮಾದರಿ ತೋರಿಸಿದಾಗ ಜಗತ್ತೇ ಹೊಗಳಿತು. ಬಿಇಎಲ್ ತಯಾರಿಸಿದ ಅಮಿಡಾ ಸಿಂಪ್ಯೂಟರು ಅಂಗಡಿಗೆ ಬಂದದ್ದು 2004ರಲ್ಲಿ, ಸುಮಾರು ಹತ್ತು ಸಾವಿರ ರೂಪಾಯಿಯಿಂದ ಮೇಲೆ. ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ, ಅಷ್ಟರಲ್ಲಿ ಮೊಬೈಲು ಹಳ್ಳಿ ತಲುಪಲು ಶುರುವಾಗಿತ್ತು. ಯಂತ್ರ ಕೆಟ್ಟದ್ದಾಗಿರಲಿಲ್ಲ. ಪೈಗೆ ಸಿಕ್ಕಿದ್ದೂ ಇದಕ್ಕೆ ಸಿಗದೇ ಹೋದದ್ದೂ ಬಿಚ್ಚಿ ನೋಡಿ, ತಂತಿ ಜೋಡಿಸಿ, ಕೆಡಿಸಿ, ಇನ್ನೊಬ್ಬರಿಗೆ ಬರೆದು ತಿಳಿಸುವ ಲಕ್ಷಾಂತರ ಹುಡುಗರ ಕೈ. ಹಾಗಾಗಿ ಹೊಸಬರಿಗೆ ನಾನು ಬೋರ್ಡು ಆರಿಸಿಕೊಡುವಾಗ ಅಂಕಿಗಳಿಗಿಂತ ಮುಂಚೆ, ಸಿಕ್ಕಿಹಾಕಿಕೊಂಡಾಗ ಕೇಳಲು ಜನ ಎಷ್ಟಿದ್ದಾರೆ ಎಂದು ನೋಡುತ್ತೇನೆ. ಪೈಗಿಂತ ಕಡಿಮೆ ದುಡ್ಡಿಗೆ ಹೆಚ್ಚು ವೇಗ ಕೊಡುವ ಚೀನಾದ ಬೋರ್ಡುಗಳಿವೆ. ಅವುಗಳಲ್ಲಿ ಒಂದು ಡ್ರೈವರು ಕೈಕೊಟ್ಟರೆ ಹೊಸಬನ ಶನಿವಾರ, ಭಾನುವಾರ ಎರಡೂ ಹೋಗುತ್ತವೆ.

ಮುಂದಿನ ತಲೆಮಾರು ಹೇಗಿರಬಹುದೆಂಬ ಸುಳಿವು ಪೈ ಕಂಪನಿಯ ಹೊರಗೂ ಸಿಗುತ್ತದೆ. 2025ರ ಅಕ್ಟೋಬರಿನಲ್ಲಿ ಆರ್ಡುಯಿನೊ ಕಂಪನಿಯನ್ನು ಕ್ವಾಲ್‌ಕಾಮ್ ಕೊಳ್ಳುವ ಸುದ್ದಿಯ ಜೊತೆಗೇ ಉನೊ ಕ್ಯೂ ಎಂಬ ಬೋರ್ಡು ಬಂತು. ಅದರಲ್ಲಿ ಲಿನಕ್ಸ್ ಓಡಿಸುವ ನಾಲ್ಕು ಕೋರಿನ ಪ್ರೊಸೆಸರೂ ಇದೆ, ಪಕ್ಕದಲ್ಲೇ ಅನಲಾಗ್ ಓದುವ ಮೈಕ್ರೊಕಂಟ್ರೋಲರೂ ಇದೆ. ಎಸ್‌ಡಿ ಕಾರ್ಡಿನ ಬದಲು ಬೋರ್ಡಿಗೇ ಬೆಸುಗೆ ಹಾಕಿದ 16 ಜಿಬಿ ಸಂಗ್ರಹ. ಘೋಷಿಸಿದ ಬೆಲೆ 44 ಡಾಲರ್. ನಾನು ಮೇಲೆ ಅತ್ತುಕೊಂಡ ಎರಡು ಕೊರತೆಗಳಿಗೆ ಇದು ಒಂದೇ ಹಲಗೆಯ ಉತ್ತರ. ಯೋಚಿಸುವ ಚಿಪ್ಪು, ಕೈಕೆಲಸದ ಚಿಪ್ಪು ಜೊತೆಜೊತೆಯಾಗಿರುವುದೇ ಮುಂದಿನ ದಾರಿ ಎಂದು ನನ್ನ ಅಂದಾಜು. ನಮ್ಮ ದೇಶದ್ದೂ ಇದೆ: ಸಿ-ಡ್ಯಾಕ್‌ನವರು ರಿಸ್ಕ್-ಫೈವ್ ಎಂಬ ಮುಕ್ತ ವಿನ್ಯಾಸದ ಮೇಲೆ ವೇಗ ಎಂಬ ಹೆಸರಿನ ಪ್ರೊಸೆಸರುಗಳನ್ನು ಮಾಡಿ, ತೇಜಸ್32 ಚಿಪ್ಪಿನ ಏರೀಸ್ ಬೋರ್ಡುಗಳನ್ನು ಕಲಿಯುವವರಿಗಾಗಿ ಬಿಟ್ಟಿದ್ದಾರೆ. ಹೆಸರು ವೇಗ ಎಂದಿದ್ದರೂ ಓಟ 100 ಮೆಗಾಹರ್ಟ್ಸ್. ಆರ್ಡುಯಿನೊ ಕಲಿತವರಿಗೆ ಒಗ್ಗುತ್ತದೆ. 2025ರ ಡಿಸೆಂಬರಿನಲ್ಲಿ 1 ಗಿಗಾಹರ್ಟ್ಸಿನ ಧ್ರುವ್64 ಚಿಪ್ಪನ್ನೂ ತೋರಿಸಿದರು. ಅದು ಹವ್ಯಾಸಿಯ ಮೇಜಿಗೆ ಬೋರ್ಡಾಗಿ ಬರಲಿ.

   

ಇನ್ನು ಏನು ಕೊಳ್ಳಬೇಕು? ಕೆಲಸವನ್ನು ಮೊದಲು ಆರಿಸಿ, ಬೋರ್ಡು ಆಮೇಲೆ. ಅಳೆದು ಕಳಿಸುವುದಷ್ಟೇ ಆದರೆ ಪಿಕೊ ಅಥವಾ ಇಎಸ್‌ಪಿ32. ಬರೆದಿಟ್ಟು, ಗ್ರಾಫು ತೆಗೆದು, ಪ್ರೋಗ್ರಾಮಿಂಗ್ ಕಲಿಯಬೇಕಾದರೆ 15 ಡಾಲರಿನ ಪೈ ಜೀರೊ 2 ಡಬ್ಲ್ಯೂ ಅಥವಾ ಗೆಳೆಯರ ಬಳಿ ಬಿದ್ದಿರುವ ಹಳೆಯ ಪೈ 3. ಕ್ಯಾಮೆರಾ, ಎಐ ಎಂದರೆ ಮಾತ್ರ ಪೈ 5. ಮುಂದಿನ ತಲೆಮಾರು ಬಂದಾಗ ನಿಮ್ಮ ಪ್ರೋಗ್ರಾಮು, ಸೆನ್ಸರು, ತಂತಿ ಬಹುಪಾಲು ಹಾಗೇ ಅದಕ್ಕೂ ಹೊಂದುತ್ತವೆ. 2014ರಲ್ಲಿ 40 ಆದ ಪಿನ್ನುಗಳ ಸಾಲು ಪೈ 5ರ ತನಕ ಜಾಗ ಬದಲಿಸಿಲ್ಲ.

ಅರಕಲಗೂಡಿನ ಆ ಡಿಪ್ಲೊಮಾ ಹುಡುಗನಿಗೆ ನಾನು ಹೇಳಿದ ಕೆಲಸ ತಂಬಾಕು ಹದ ಮಾಡುವ ಅವರದೇ ಬ್ಯಾರನ್ನಿನದು. ರಾಮನಾಥಪುರದ ಹರಾಜಿಗೆ ಹೋಗುವ ಮುಂಚೆ ಸೊಪ್ಪು ಬ್ಯಾರನ್ನಿನಲ್ಲಿ ದಿನಗಟ್ಟಲೆ ಹದವಾಗಬೇಕು. ಹಳದಿ ತಿರುಗುವಾಗ 35 ಡಿಗ್ರಿ ಆಸುಪಾಸು, ದಂಟು ಒಣಗುವ ಹೊತ್ತಿಗೆ 70ರ ಆಸುಪಾಸು. ಬೆಂಕಿ ನೋಡಿಕೊಳ್ಳಲು ಒಬ್ಬರು ನಿದ್ದೆಗೆಡುತ್ತಾರೆ. ಡಿಎಸ್18ಬಿ20 ಎಂಬ ಸ್ಟೀಲ್ ಕವಚದ ಸೆನ್ಸರು 125 ಡಿಗ್ರಿ ತನಕ ಅಳೆಯುತ್ತದೆ, ಅಂಕಿಯನ್ನು ಡಿಜಿಟಲ್ ಆಗಿಯೇ ಕೊಡುವುದರಿಂದ ಪೈಗೆ ಎಡಿಸಿ ಬೇಕಿಲ್ಲ. ಮೂರೇ ತಂತಿ. ಕೆಂಪು 3.3 ವೋಲ್ಟಿಗೆ, ಕಪ್ಪು ಗ್ರೌಂಡಿಗೆ, ಹಳದಿ 7ನೇ ಪಿನ್ನಿಗೆ. ಕೆಂಪು, ಹಳದಿ ನಡುವೆ 4.7 ಕಿಲೋಓಮ್ ರೆಸಿಸ್ಟರ್ ಇಡಲೇಬೇಕು, ಇಲ್ಲದಿದ್ದರೆ ಬೋರ್ಡಿಗೆ ಸೆನ್ಸರು ಕಾಣುವುದಿಲ್ಲ. ಇನ್ನು ಬೆಂಕಿ ಹಾಕುವ ಮುಂಚೆಯೇ ಪರದೆಯ ಮೇಲೆ ಸರಿಯಾಗಿ 85 ಡಿಗ್ರಿ ಎಂದು ಬಂದರೆ ಬ್ಯಾರನ್ ಕಡೆ ಓಡಬೇಡಿ. ಅದು ಕರೆಂಟು ತಾಗಿದ ಕೂಡಲೇ, ಅಳೆಯುವ ಮುಂಚೆ, ಆ ಸೆನ್ಸರು ಹೇಳುವ ಮೊದಲ ಅಂಕಿ. ಕೆಂಪು ತಂತಿಯನ್ನು ಇನ್ನೊಮ್ಮೆ ಬಿಗಿ ಮಾಡಿ, ಎರಡನೇ ಓದಿಗೆ ಕಾಯಿರಿ.